‘ರ ಗ ಸ ದ ಅ’ ಮೊದಲೋ, ‘ಅ ಆ ಇ ಈ’ ಮೊದಲೋ?

ಪ್ರಶ್ನೆ: ನನ್ನ ಮಗ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ದಸರಾ ರಜೆ ಮುಗಿದು ಶಾಲೆ ಶುರುವಾದರೂ ಅವನಿಗೆ ಅ ಆ ಇ ಈ ಪೂರ್ತಿ ಬರುವುದಿಲ್ಲ. ಕೇಳಿದರೆ ‘ರ ಗ ಸ ದ ಅ’ ಅನ್ನುತ್ತಾನೆ. ನಲಿ-ಕಲಿ ಪದ್ಧತಿಯಲ್ಲಿ ಹಾಗೇ ಕಲಿಸೋದು ಅಂತ ಮಿಸ್ಸು ಹೇಳುತ್ತಾರೆ. ನಮ್ಮ ಮಾವ ರಿಟೈರ್ಡ್ ಮೇಷ್ಟ್ರು. ‘ಬುಡ ಇಲ್ಲದ ಓದು’ ಎಂದು ಬೈದುಕೊಂಡು ದಿನಾ ಸಂಜೆ ಅವನನ್ನು ಕೂರಿಸಿ ಕಾಗುಣಿತ ಬಾಯಿಪಾಠ ಮಾಡಿಸುತ್ತಾರೆ. ಪುಸ್ತಕದ ಪದ್ಯವನ್ನು ಮಗ ಗಡಗಡ ಓದುತ್ತಾನೆ, ಆದರೆ ಅದರಲ್ಲೇ ಇರುವ ಒಂದು ಪದವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಸುಮ್ಮನಾಗುತ್ತಾನೆ. ಪಕ್ಕದ ಮನೆ ಹುಡುಗಿ ಕಾನ್ವೆಂಟಿನಲ್ಲಿ ಓದುತ್ತಾಳೆ, ಅವಳು ಆಗಲೇ ಪುಟಗಟ್ಟಲೆ ಕಾಗುಣಿತ ಬರೆಯುತ್ತಾಳೆ. ನಾನು ಯಾರ ಮಾತು ಕೇಳಲಿ? ಎಲ್ಲಿಯವರೆಗೆ ಕಾಯಬಹುದು?
— ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ಅಕ್ಷರಗಳ ಕ್ರಮದ ವಿಷಯದಲ್ಲಿ ಮಿಸ್ಸಿನ ಮಾತು ಕೇಳಿ. ಕಾಗುಣಿತದ ವಿಷಯದಲ್ಲಿ ನಿಮ್ಮ ಮಾವನವರು ಹೇಳುವುದು ತಪ್ಪಲ್ಲ, ಸ್ವಲ್ಪ ಬೇಗ ಆಯಿತು ಅಷ್ಟೆ. ನೀವು ನಿಜವಾಗಿ ಗಮನ ಕೊಡಬೇಕಾದ್ದು ಪ್ರಶ್ನೆಯ ನಡುವೆ ಹೇಳಿ ಮುಂದೆ ಹೋಗಿಬಿಟ್ಟಿರುವ ಆ ಪದ್ಯದ ವಿಷಯಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕ್ರಮ. ನಮ್ಮ ವರ್ಣಮಾಲೆ ಬಹಳ ಬುದ್ಧಿವಂತರು ಜೋಡಿಸಿಟ್ಟ ಪಟ್ಟಿ. ಕ ವರ್ಗ ಗಂಟಲಿನಲ್ಲಿ ಶುರುವಾಗುತ್ತದೆ, ಪ ವರ್ಗಕ್ಕೆ ಬರುವ ಹೊತ್ತಿಗೆ ಸದ್ದು ತುಟಿಗೆ ಬಂದಿರುತ್ತದೆ. ಆದರೆ ಆ ಜೋಡಣೆಯ ಸೊಗಸು ಕಾಣುವುದು ಅಕ್ಷರಗಳೆಲ್ಲ ಗೊತ್ತಿರುವವರಿಗೆ. ಐದೂವರೆ ವರ್ಷದ ಹುಡುಗನಿಗೆ ಅ ಆ ಇ ಈ ಉ ಊ ಋ ಕಲಿಸಿದಿರಿ ಅನ್ನೋಣ. ಅಷ್ಟರಿಂದ ಅವನು ಓದಬಲ್ಲ ಪದ ಯಾವುದು? ಈ, ಆ ಬಿಟ್ಟರೆ ಹೆಚ್ಚೇನೂ ಇಲ್ಲ. ಈ ಅಕ್ಷರಗಳು ಕನ್ನಡದಲ್ಲಿ ಸಾಮಾನ್ಯವಾಗಿ ಪದದ ಮೊದಲಿಗೆ ಮಾತ್ರ ಬರುತ್ತವೆ, ಮಿಕ್ಕ ಕಡೆಯೆಲ್ಲ ಗುಡಿಸು, ಕೊಂಬು, ಏತ್ವಗಳ ವೇಷದಲ್ಲಿರುತ್ತವೆ. ಋ ಕಲಿತವನಿಗೆ ಋಷಿ ಸಿಗುವುದು ಯಾವಾಗಲೋ. ಙ ಅಂತೂ ವರ್ಣಮಾಲೆಯ ಚಾರ್ಟಿನಿಂದ ಹೊರಗೆ ಕಣ್ಣಿಗೆ ಬೀಳುವುದೇ ಇಲ್ಲ. ಸಾಲದ್ದಕ್ಕೆ ಅ-ಆ, ಎ-ಏ, ಒ-ಓ-ಔ ನೋಡಲು ಒಂದೇ ತರಹ, ಪಟ್ಟಿಯಲ್ಲೂ ಅಕ್ಕಪಕ್ಕ. ಒಂದೇ ತರಹ ಕಾಣುವ ಎರಡನ್ನು ಒಂದೇ ವಾರ ಕಲಿಸಿದರೆ ಮಗು ಎರಡನ್ನೂ ಕಲಸಿಕೊಳ್ಳುತ್ತದೆ.

ಈಗ ರ, ಗ, ಸ, ದ, ಅ ತೆಗೆದುಕೊಳ್ಳಿ. ಐದೇ ಅಕ್ಷರ. ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ. ನಕ್ಷೆಯಲ್ಲಿ ಗದಗ ಸಹ ಸಿಗುತ್ತದೆ! ಮುಂದಿನ ಗುಂಪು ಜ, ವ, ಮ, ಬ, ನ ಸೇರಿದ ಕೂಡಲೇ ಮರ, ದನ, ಜನ, ವನ, ನಗರ, ಬಸವ. ‘ಅವನ ಮಗ ಬಸವ’ ಎಂಬ ಪೂರ್ತಿ ವಾಕ್ಯವನ್ನು ಈ ಹತ್ತೇ ಅಕ್ಷರಗಳಲ್ಲಿ, ಒಂದು ಗುಣಿತಾಕ್ಷರವೂ ಇಲ್ಲದೆ, ಮಗು ತಾನೇ ಓದಬಹುದು. ಶಾಲೆಗೆ ಸೇರಿ ಕೆಲವೇ ತಿಂಗಳಲ್ಲಿ ‘ನಾನು ಓದಿದೆ’ ಎನ್ನುವ ಅನುಭವ ಸಿಗಲಿ ಎಂದೇ ಈ ಕ್ರಮ ಮಾಡಿದ್ದು. ವರ್ಣಮಾಲೆಯ ಕ್ರಮ ಬೇಕಾಗುವುದು ನಿಘಂಟು ನೋಡಲು. ಆ ಕೆಲಸ ಬರುವುದು ಮೂರನೇ, ನಾಲ್ಕನೇ ತರಗತಿಯಲ್ಲಿ, ಆಗ ಒಂದು ವಾರದಲ್ಲಿ ಕಲಿಯುತ್ತಾನೆ.

ನಲಿ-ಕಲಿ ನಿನ್ನೆ ಮೊನ್ನೆಯದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಶಾಲೆಗಳಲ್ಲಿ ನಡೆಸುತ್ತಿದ್ದ ಕಾರ್ಡುಗಳ ಪದ್ಧತಿ ಅದಕ್ಕೆ ಮಾದರಿ. ಕಾರ್ಡುಗಳನ್ನು ನಮ್ಮ ಮಕ್ಕಳಿಗೆ ಒಗ್ಗುವಂತೆ ಮಾಡಿಕೊಂಡವರು ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಮಗು ತಾನು ಎಲ್ಲಿದ್ದೇನೆ ಎಂದು ನೋಡಿಕೊಂಡು ಆ ಗುರುತಿನ ಕಾರ್ಡು ತೆಗೆದುಕೊಂಡು, ಅದು ಯಾವ ಗುಂಪಿನದೋ ಆ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಟೀಚರ ಪೂರ್ಣ ಸಹಾಯ, ಒಂದಕ್ಕೆ ಅರ್ಧ ಸಹಾಯ, ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಕೊನೆಗೆ ತಾನೇ ಮಾಡುವುದು. ತಲೆಯ ಮೇಲೆ ದಾರಕ್ಕೆ ಮಕ್ಕಳ ಚಿತ್ರ, ಬರಹಗಳನ್ನು ನೇತುಹಾಕಿದ ಚಪ್ಪರ. ಹದಿನೈದು ದಿನ ಜ್ವರ ಬಂದು ಮಲಗಿದ ಮಗು ವಾಪಸ್ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದು. ಇದೊಂದು ಕಾರಣಕ್ಕಾದರೂ ನನಗೆ ಈ ಪದ್ಧತಿ ಇಷ್ಟ. ಕಟಾವಿನ ಕಾಲಕ್ಕೆ ಅಪ್ಪ ಅಮ್ಮನ ಜೊತೆ ಊರು ಬಿಟ್ಟು ಹೋಗುವ ಮಕ್ಕಳು ಎಷ್ಟಿದ್ದಾರೆ ಅಂತ ಹಳ್ಳಿಯ ಟೀಚರನ್ನೇ ಕೇಳಿ.

ಇಲ್ಲಿಯವರೆಗೆ ಹೇಳಿದ್ದು ಬಾಗಿಲಿನ ಮಾತು. ಕನ್ನಡ ಓದುವುದರ ಕಷ್ಟ ಇರುವುದು ಒಳಗೆ. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ನಾವು ಹೇಳಿಕೊಳ್ಳುತ್ತೇವೆ, ಆದರೆ ಓದುವಾಗ ಕಣ್ಣಿಗೆ ಬೀಳುವುದು ಅವಲ್ಲ. 34 ವ್ಯಂಜನಗಳಿಗೆ ಒಂದೊಂದಕ್ಕೂ ಹತ್ತು ಹನ್ನೆರಡು ರೂಪ. ಲೆಕ್ಕ ನಾನೂರಕ್ಕೆ ಹತ್ತಿರ ಹೋಗುತ್ತದೆ. ಅದರ ಮೇಲೆ ಒತ್ತಕ್ಷರ. ಕರ್ನಾಟಕದ ಮಕ್ಕಳು ಕನ್ನಡ ಓದಲು ಕಲಿಯುವುದನ್ನು ಅಧ್ಯಯನ ಮಾಡಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರವೂ ಇದೇ: ಇಂಗ್ಲಿಷಿನ 26 ಅಕ್ಷರ ಕಲಿಯಲು ಹಿಡಿಯುವ ಸಮಯಕ್ಕಿಂತ ಕನ್ನಡದ ಅಕ್ಷರಗಳಿಗೆ ಬಹಳ ಹೆಚ್ಚು ಕಾಲ ಬೇಕು. ಹಾಗಾಗಿ ದಸರಾ ಹೊತ್ತಿಗೆ ಎಲ್ಲ ಬರಬೇಕು ಎಂಬ ನಿರೀಕ್ಷೆಯೇ ಸರಿಯಿಲ್ಲ. ಎಬಿಸಿಡಿ ಇಪ್ಪತ್ತಾರನ್ನು ಯುಕೆಜಿಯಲ್ಲೇ ಮುಗಿಸುವ ಶಾಲೆಗಳನ್ನು ನೋಡಿ ನೋಡಿ ಕನ್ನಡಕ್ಕೂ ನಾವು ಅದೇ ಗಡುವು ಹಾಕಿಕೊಂಡಿದ್ದೇವೆ.

ಒಂದಿಷ್ಟು ಹತ್ತಿರದಿಂದ ನೋಡಿ. ಕ-ಕಿ, ಗ-ಗಿ, ಸ-ಸಿ ಎಂದು ತಲೆಕಟ್ಟಿನ ಜಾಗದಲ್ಲಿ ಗುಡಿಸು ಬರುವುದನ್ನು ಮಗು ಬೇಗ ಹಿಡಿಯುತ್ತದೆ. ಆಮೇಲೆ ಮ ಬರುತ್ತದೆ. ಮ ನೋಡಲು ವ ಅಕ್ಷರಕ್ಕೆ ಕೊಂಬು ಕೊಟ್ಟ ಹಾಗೇ ಇದೆ. ಅದಕ್ಕೇ ವು ಬರೆಯುವಾಗ ಕೊಂಬನ್ನು ಪಕ್ಕಕ್ಕೆ ಇಡದೆ ಕೆಳಗೆ ಇಳಿಸುತ್ತೇವೆ, ಪು ಕೂಡ ಹಾಗೇ. ಮಿ ಬರೆಯುವಾಗ ಗುಡಿಸು ಮೊದಲ ಭಾಗದ ಮೇಲೆ ಕೂರುತ್ತದೆ, ಕೊನೆಯ ಬಾಲ ಹಾಗೇ ಉಳಿಯುತ್ತದೆ. ನಮಗೆ ಇವೆಲ್ಲ ಕೈಗೆ ಬಂದುಬಿಟ್ಟಿವೆ, ಕಣ್ಣಿಗೆ ಕಾಣುವುದೂ ಇಲ್ಲ. ಮಗುವಿಗೆ ಪ್ರತಿಯೊಂದೂ ಹೊಸ ಸಂಗತಿ. ‘ನಾವು’ ಎಂಬುದನ್ನು ‘ನಾಮ’ ಎಂದು ಓದಿದ ಮಗು ದಡ್ಡ ಅಲ್ಲ, ಕಣ್ಣಿಟ್ಟು ನೋಡಿದೆ ಎಂದೇ ಅರ್ಥ.

ಒತ್ತಕ್ಷರದಲ್ಲಿ ಇನ್ನೂ ಮಜಾ ಇದೆ. ‘ಹತ್ತಿ’ ಎಂದು ಬರೆದು ಮಗುವಿನ ಕಣ್ಣಿನಿಂದ ನೋಡಿ. ಮೊದಲು ಹ. ಆಮೇಲೆ ಗುಡಿಸು ಹೊತ್ತ ತಿ. ಅದರ ಕೆಳಗೆ ತ ಒತ್ತು. ಕಂಡಂತೆ ಓದಿದರೆ ‘ಹತಿತ’. ಗುಡಿಸು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದರೂ ಅದರ ಸದ್ದು ಹೊರಡುವುದು ಕೆಳಗಿನ ಒತ್ತು ಮುಗಿದ ಮೇಲೆ ಎಂಬುದನ್ನು ಯಾರಾದರೂ ಒಂದು ಸಲ ಬಿಡಿಸಿ ತೋರಿಸಬೇಕು. ಮೇಲಾಗಿ ಕ್ಕ, ಗ್ಗ, ಬ್ಬದಲ್ಲಿ ಒತ್ತು ಮೂಲ ಅಕ್ಷರದ ಚಿಕ್ಕ ರೂಪದಂತೆ ಕಂಡರೆ, ತ್ತ, ಮ್ಮ, ಯ್ಯ, ಲ್ಲಗಳ ಒತ್ತು ಮೂಲವನ್ನು ಹೋಲುವುದೇ ಇಲ್ಲ. ಅರ್ಕಾವೊತ್ತು ಬಂದರೆ ಕತೆ ಪೂರಾ ಉಲ್ಟಾ: ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ರ್ ಕಣ್ಣಿಗೆ ಬೀಳುವುದು ಯ ಆದ ಮೇಲೆ. ಅಮ್ಮ, ಅಪ್ಪ, ಅಕ್ಕ, ಅಣ್ಣ ಇವನ್ನು ಮಕ್ಕಳು ಬಹಳ ಮುಂಚೆ ಇಡಿಯಾಗಿ ಗುರುತಿಸುತ್ತಾರೆ, ಅದು ಒಳ್ಳೆಯದೇ. ಆದರೆ ಒತ್ತಕ್ಷರದ ಗುಟ್ಟು ಬಿಡಿಸಿಕೊಳ್ಳುವುದು ಎರಡನೇ ತರಗತಿಯ ಕೊನೆ, ಮೂರನೇ ತರಗತಿಯ ಕೆಲಸ.

ಇಲ್ಲಿಗೆ ನಿಮ್ಮ ಮಾವನವರ ಕಾಗುಣಿತ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂಬ ರಾಗ ವ್ಯರ್ಥ ಎಂದು ಹೇಳುವವರ ಜೊತೆ ನಾನಿಲ್ಲ. ಒಂದೇ ಚಿಹ್ನೆ ಎಲ್ಲ ವ್ಯಂಜನಕ್ಕೂ ಒಂದೇ ಸದ್ದು ಸೇರಿಸುತ್ತದೆ ಎಂಬ ನಿಯಮ ಆ ರಾಗದೊಳಗೇ ಇದೆ. ತೊಂದರೆ ಏನೆಂದರೆ, ಬಾಯಿಗೆ ಬಂದದ್ದು ಕಣ್ಣಿಗೆ ಬಂದಿರುವುದಿಲ್ಲ. ಕ ಕಾ ಕಿ ಕೀ ಎಂದು ಒಂದೇ ಉಸಿರಿಗೆ ಹೇಳುವ ಹುಡುಗನಿಗೆ ನಡುವಿನ ‘ಕೆ’ ಒಂದನ್ನೇ ತೋರಿಸಿ, ಎಷ್ಟೋ ಸಲ ಮೊದಲಿನಿಂದ ಹಾಡಿಕೊಂಡು ಬಂದೇ ಅದನ್ನು ತಲುಪುತ್ತಾನೆ. ಆದ್ದರಿಂದ ಮಾವನವರಿಗೆ ಹೀಗೆ ಹೇಳಿ ನೋಡಿ: ‘ಮಾವ, ಮೊದಲು ಬಿಡಿ ವ್ಯಂಜನ ಒಂದಿಪ್ಪತ್ತು ಗಟ್ಟಿಯಾಗಲಿ. ಆಮೇಲೆ ಇಳಿಯೊಂದನ್ನೇ ಹಿಡಿದು ಸರ-ಸಾರ, ಮರ-ಮಾರ, ದನ-ದಾನ ಅಂತ ಜೋಡಿ ಪದ ಓದಿಸಿ. ಆಮೇಲೆ ಗುಡಿಸು. ಇಡೀ ಸಾಲು ಕೊನೆಗೆ ಹಾಡಿಸೋಣ.’ ನಿವೃತ್ತ ಮೇಷ್ಟ್ರು ಮನೆಯಲ್ಲಿರುವುದು ಪುಣ್ಯ, ಅವರಿಂದ ತೆಗೆದುಕೊಳ್ಳಬಹುದಾದ ಇನ್ನೊಂದು ದೊಡ್ಡ ಉಪಕಾರವಿದೆ, ಕೆಳಗೆ ಹೇಳುತ್ತೇನೆ.

ಈಗ ಆ ಪದ್ಯ. ಗಡಗಡ ಹೇಳುತ್ತಾನೆ, ಬಿಡಿ ಪದ ತೋರಿಸಿದರೆ ಸುಮ್ಮನಾಗುತ್ತಾನೆ ಎಂದರೆ ಅವನು ಪುಟ ನೋಡುತ್ತಾ ನೆನಪಿನಿಂದ ಹೇಳುತ್ತಿದ್ದಾನೆ. ಗಾಬರಿ ಬೇಡ, ಎಲ್ಲ ಮಕ್ಕಳೂ ಈ ಹಂತ ದಾಟಿಯೇ ಬರುತ್ತಾರೆ. ಆದರೆ ಇದನ್ನು ಓದು ಎಂದುಕೊಂಡು ಶಾಲೆಯೂ ಮನೆಯೂ ಶಭಾಷ್ ಎಂದರೆ ಹುಡುಗ ಅಲ್ಲೇ ನಿಂತುಬಿಡುತ್ತಾನೆ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿ ಓದುವಾಗ ಯಾರು ಓದುತ್ತಿದ್ದಾರೆ, ಯಾರು ಪಕ್ಕದವರ ಬಾಯಿ ನೋಡಿ ಹೇಳುತ್ತಿದ್ದಾರೆ ಎಂದು ಟೀಚರಿಗೂ ತಿಳಿಯುವುದಿಲ್ಲ. ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯವರು 2005ರಿಂದ ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸುವುದು ಇದಕ್ಕೇ.

ನೀವು ಮಾಡಬಹುದಾದ್ದು ಸುಲಭ. ಅದೇ ಪದ್ಯ ಹೇಳಿಸಿ, ಆದರೆ ಪ್ರತಿ ಪದದ ಕೆಳಗೆ ಬೆರಳು ಇಡಿಸಿ. ಬಾಯಿ ಮುಂದೆ ಹೋಗಿ ಬೆರಳು ಹಿಂದೆ ಉಳಿದರೆ ನಿಲ್ಲಿಸಿ ಸರಿಮಾಡಿ. ಬೆರಳು ಬಾಯಿ ಜೊತೆಯಾದ ಮೇಲೆ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪದ್ಯವನ್ನು ದಪ್ಪಕ್ಷರದಲ್ಲಿ ಬರೆದು ಪದ ಪದವಾಗಿ ಕತ್ತರಿಸಿ, ಚೀಟಿಗಳನ್ನು ಕಲೆಸಿ ಅವನಿಂದಲೇ ಜೋಡಿಸಿ. ಇದೇ ಅಕ್ಷರಗಳಿಂದ ಅವನು ಎಂದೂ ನೋಡಿರದ ಒಂದು ಪದವನ್ನು ದಿನಕ್ಕೊಂದರಂತೆ ನಡುವೆ ಸೇರಿಸಿ. ಅವನು ‘ಗ… ರ… ಗ… ಸ…’ ಎಂದು ತಡವರಿಸಿ, ಒಂದು ಕ್ಷಣ ಬಿಟ್ಟು ‘ಓ, ಗರಗಸ!’ ಅಂದನೋ, ಅದು ಓದು. ನಿಧಾನವಾಗಿದ್ದರೂ ಅದೇ ಓದು. ಆ ಹೊತ್ತಿಗೆ ‘ಬೇಗ ಬೇಗ’ ಎನ್ನಬೇಡಿ, ಪದವನ್ನು ನೀವೇ ಹೇಳಿಕೊಡಲೂ ಬೇಡಿ. ಅವನು ತಪ್ಪು ಓದಿದರೆ ‘ಮತ್ತೊಮ್ಮೆ ನೋಡು’ ಅಂದರೆ ಸಾಕು.

ವೇಗಕ್ಕೂ ಒಂದು ಅಳತೆ ಇದೆ. 2021ರ ಜುಲೈನಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮದ ಪ್ರಕಾರ ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ಮಾಡಿಕೊಂಡು ಓದಬೇಕು. ಕನ್ನಡದ ಒಂದೊಂದು ಪದ ಎಷ್ಟು ಉದ್ದ ಎಂದು ದೆಹಲಿಯವರಿಗೆ ಯಾರು ಹೇಳಬೇಕೋ! ‘ಹೋಗಬೇಕಾಗಿತ್ತು’ ಎಂಬುದು ನಮಗೆ ಒಂದು ಪದ. ಇರಲಿ, ಒಂದನೇ ತರಗತಿಯವನಿಗೆ ಗಡಿಯಾರ ಹಿಡಿಯುವ ಅಗತ್ಯ ಇಲ್ಲವೇ ಇಲ್ಲ.

ಅಕ್ಷರ ಬಿಡಿಸಿ ಓದುವುದು ಅರ್ಧ ಕೆಲಸ. ಓದಿದ ಪದ ಮಗುವಿಗೆ ಮೊದಲೇ ಕಿವಿಯಲ್ಲಿ ಪರಿಚಯ ಇದ್ದರೆ ಮಾತ್ರ ಅರ್ಥವಾಗುತ್ತದೆ. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಗುಣಾಕಾರದ ಲೆಕ್ಕವಾಗಿ ಇಟ್ಟರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತು ಅರ್ಥವಾಗುವ ಶಕ್ತಿ. ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆ. ನಮ್ಮಲ್ಲಿ ಈ ಎರಡನೆಯದನ್ನು ಕೇಳುವವರೇ ಇಲ್ಲ, ಯಾಕೆಂದರೆ ಕನ್ನಡದ ಮಗುವಿಗೆ ಕನ್ನಡ ಬರುತ್ತದೆ ಎಂದು ಹಿಡಿದುಬಿಟ್ಟಿದ್ದೇವೆ. ಪುಸ್ತಕದ ಕನ್ನಡ ಯಾರ ಮನೆಯಲ್ಲೂ ಆಡುವ ಕನ್ನಡ ಅಲ್ಲ. ನಿಮ್ಮ ಕಡೆ ಮಕ್ಕಳು ಹಾಲಿಗೆ ‘ಆಲು’, ಹೂವಿಗೆ ‘ಊವು’ ಅನ್ನುವುದು ಮಾಮೂಲು, ಕಲಬುರಗಿ ಹುಡುಗನ ಮಾತಿನ ಧಾಟಿಯೇ ಬೇರೆ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಅವನು ಕನ್ನಡ ಕೇಳುವುದೇ ಶಾಲೆಯಲ್ಲಿ. ಹಾಗಾಗಿ ನಿಮ್ಮ ಮಗ ‘ಹೋಗುತ್ತಾನೆ’ ಎಂದು ಅಚ್ಚಾದದ್ದನ್ನು ‘ಹೋಗ್ತಾನೆ’ ಎಂದು ಓದಿದರೆ ಖುಷಿಪಡಿ, ಅರ್ಥ ಮಾಡಿಕೊಂಡೇ ಓದಿದ್ದಾನೆ. ‘ಹ’ ಬಿಟ್ಟುಹೋಯಿತು ಎಂದು ಓದುವಾಗ ನಡುವೆ ತಡೆಯಬೇಡಿ, ಬರೆಯುವಾಗ ತಿದ್ದಿದರೆ ಆಯಿತು.

ಮಾವನವರ ಉಪಕಾರ ಬೇಕಾಗುವುದು ಇಲ್ಲಿ. ಸಂಜೆಯ ಕಾಗುಣಿತದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಅವರು ಮೊಮ್ಮಗನಿಗೆ ಕತೆ ಓದಿ ಹೇಳಲಿ. ಪುಸ್ತಕ ಹುಡುಗನ ತೊಡೆಯ ಮೇಲಿರಲಿ, ಅಜ್ಜನ ಬೆರಳು ಸಾಲಿನ ಕೆಳಗೆ ಓಡಲಿ, ನಡುನಡುವೆ ‘ಈಗ ಏನಾಗಬಹುದು?’ ಎಂದು ಕೇಳಲಿ. ಪುಸ್ತಕದ ಕನ್ನಡ ಕಿವಿಗೆ ಬೀಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ‘ಓದುವ ಬೆಳಕು’ ಯೋಜನೆಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕತೆಗಳು ಬಿಟ್ಟಿಯಾಗಿ ಸಿಗುತ್ತವೆ.

ಪಕ್ಕದ ಮನೆಯ ಹುಡುಗಿಯ ಕಾಪಿ ಪುಸ್ತಕ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಮಾದರಿ ನೋಡಿ ಪುಟ ತುಂಬಿಸುವುದು ಮುಕ್ಕಾಲು ಪಾಲು ಚಿತ್ರ ಬರೆಯುವ ಕೆಲಸ, ಕೈ ಪಳಗುತ್ತದೆ, ನಿಜ. ಅವಳು ಓದಬಲ್ಲಳೋ ಇಲ್ಲವೋ ಆ ಪುಟದಿಂದ ಹೇಳಲಾಗದು. ನಿಮ್ಮ ಮಗನಿಂದ ಬರೆಸಬೇಕೆಂದಿದ್ದರೆ ಅವನು ಹೇಳಿದ ಮಾತನ್ನೇ ಬರೆಸಿ, ಮನೆಯವರ ಹೆಸರು, ತಿಂದ ತಿಂಡಿ, ನಾಯಿಮರಿಯ ಹೆಸರು. ತಪ್ಪಿದ್ದರೂ ಪರವಾಗಿಲ್ಲ. ತಾನು ಕೇಳಿದ ಸದ್ದಿಗೆ ಅಕ್ಷರ ಹುಡುಕುವಾಗ ಅವನ ತಲೆ ಕೆಲಸ ಮಾಡುವಷ್ಟು ಕಾಪಿ ಬರೆಯುವಾಗ ಮಾಡುವುದಿಲ್ಲ.

ನಲಿ-ಕಲಿಯನ್ನು ಹೊಗಳಿದ್ದೇನೆ, ಅದರ ಹುಳುಕನ್ನೂ ಹೇಳಬೇಕು. ಮೂರು ತರಗತಿಗೆ ಒಬ್ಬರೇ ಟೀಚರು, ಅದರ ಮೇಲೆ ಬಿಸಿಯೂಟದ ಲೆಕ್ಕ, ಮೀಟಿಂಗು, ಆನ್‌ಲೈನ್ ಎಂಟ್ರಿ. ಟೀಚರ ಪೂರ್ಣ ಸಹಾಯ ಸಿಗಬೇಕಾದ ಗುಂಪಿನ ಪಕ್ಕ ಕೂರಲು ಅವರಿಗೆ ಪುರುಸೊತ್ತು ಸಿಗದಿದ್ದರೆ ಇಡೀ ಏಣಿ ಬರೀ ಗೋಡೆಯ ಅಲಂಕಾರ. ಮಕ್ಕಳು ಕಾರ್ಡು ‘ಮುಗಿಸಿ’ ಮುಂದೆ ಹೋಗುತ್ತಾರೆ, ಕಲಿತಿರುವುದಿಲ್ಲ. ಇನ್ನೊಂದು ದೂರು: ಅಕ್ಷರ, ಪದದ ಚಟುವಟಿಕೆ ಧಾರಾಳ, ಇಡೀ ಕತೆ ಕಡಿಮೆ. ಅದಕ್ಕೇ ಮುಂದಿನ ಸಲ ಶಾಲೆಗೆ ಹೋದಾಗ ‘ಎಷ್ಟು ಅಕ್ಷರ ಕಲಿಸಿದಿರಿ ಮಿಸ್?’ ಎಂದು ಕೇಳಬೇಡಿ. ‘ಇವನು ಯಾವ ಮೈಲಿಗಲ್ಲಿನಲ್ಲಿದ್ದಾನೆ, ಹಿಂದಿನದು ಗಟ್ಟಿಯಾಗಿದೆಯಾ? ವಾರದಲ್ಲಿ ಎಷ್ಟು ಸಲ ಒಬ್ಬನೇ ನಿಮ್ಮ ಮುಂದೆ ಓದುತ್ತಾನೆ? ಮನೆಗೆ ಒಂದು ಕತೆ ಪುಸ್ತಕ ಕೊಡ್ತೀರಾ?’ ಎಂದು ಕೇಳಿ. ಜಗಳದ ಧಾಟಿ ಬೇಡ, ಹೀಗೆ ಕೇಳುವ ತಾಯಂದಿರು ಸಿಕ್ಕರೆ ಟೀಚರುಗಳಿಗೂ ಹುರುಪು.

ಎಲ್ಲಿಯವರೆಗೆ ಕಾಯಬಹುದು ಎಂದಿರಿ. ನನ್ನ ಅಂದಾಜು ಹೀಗೆ. ಒಂದನೇ ತರಗತಿ ಮುಗಿಯುವ ಹೊತ್ತಿಗೆ ಮರ, ನಗರದಂಥ ಹೊಸ ಪದವನ್ನು ಬಿಡಿಸಿ ಓದಬೇಕು, ಇಳಿ, ಗುಡಿಸು, ಕೊಂಬು ಇರುವ ಚಿಕ್ಕ ಪದಗಳಿಗೆ ಕೈ ಹಾಕಬೇಕು. ಎರಡನೇ ತರಗತಿ ಮುಗಿಯುವಾಗ ನಾಲ್ಕೈದು ಸಾಲಿನ, ಒತ್ತಕ್ಷರ ಕಡಿಮೆ ಇರುವ ಹೊಸ ಕತೆ ನಿಧಾನವಾಗಿ ಓದಿ, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಒತ್ತಕ್ಷರದಲ್ಲಿ ಎಡವುವುದು ಮೂರನೆಯ ತರಗತಿಯಲ್ಲೂ ಸಹಜ. ಈಗಿನಿಂದ ದಿನಾ ಹದಿನೈದಿಪ್ಪತ್ತು ನಿಮಿಷ ಜೊತೆಯಲ್ಲಿ ಕೂತರೂ, ಎರಡನೇ ತರಗತಿಯ ನಡುವಿಗೆ ಬಂದರೂ ರ ಗ ಸ ದ ಅ ಕೂಡ ಇವತ್ತು ಬಂದದ್ದು ನಾಳೆ ಮರೆತುಹೋಗುತ್ತಿದೆ, ಅಥವಾ ‘ಮರ’ ಎಂಬ ಪದದಲ್ಲಿ ಮೊದಲ ಸದ್ದು ಯಾವುದು ಎಂದು ಕೇಳಿದರೂ ತಿಳಿಯುತ್ತಿಲ್ಲ ಎಂದಾದರೆ ಸುಮ್ಮನಿರಬೇಡಿ. ಮೊದಲು ಕಣ್ಣು ಮತ್ತು ಕಿವಿ ತೋರಿಸಿ. ಬೋರ್ಡು ಮಸುಕಾಗಿ ಕಾಣುವುದನ್ನು, ಒಂದು ಕಿವಿ ಸೋರುವುದನ್ನು ಹೇಳಿಕೊಳ್ಳಲು ಗೊತ್ತಿಲ್ಲದ ಮಕ್ಕಳು ‘ದಡ್ಡರ’ ಸಾಲಿನಲ್ಲಿ ಕೂತಿರುತ್ತಾರೆ. ಶಾಲೆಗೆ ಬರುವ ಆರೋಗ್ಯ ತಪಾಸಣೆಯ ತಂಡದವರಿಗೂ ಹೇಳಬಹುದು. ಎರಡೂ ಸರಿ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ, ಮಾತು ಮತ್ತು ಕಲಿಕೆಯ ತೊಂದರೆಯನ್ನು ಅಲ್ಲಿ ಪರೀಕ್ಷಿಸುತ್ತಾರೆ. ಕಲಿಕಾ ನ್ಯೂನತೆ ಎಂದು ಗೊತ್ತಾದರೂ ಅದು ಬುದ್ಧಿ ಕಡಿಮೆ ಎಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೂ ಜಾಗವಿದೆ, ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯದಂಥ ಅನುಕೂಲವೂ ಸಿಗುತ್ತದೆ. ಹೋಗುವಾಗ ಅವನ ಅಭ್ಯಾಸ ಪುಸ್ತಕ, ತಾನೇ ಬರೆದ ಒಂದೆರಡು ಪುಟ ಜೊತೆಯಲ್ಲಿರಲಿ.